ಡೀಸೆಲ್ ಇಲ್ಲದೆ ಓಡಿದ ಎಂಜಿನ್

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ದಾಯಾದಿಯೊಬ್ಬ ತುಂಬಿದ ಪಂಚಾಯಿತಿಯಲ್ಲಿ ನನ್ನನ್ನು ಕಳ್ಳನೆಂದ. ಅಂದೇ ಆ ಊರು ಬಿಟ್ಟೆ. ಈಗ ಅವನ ಮುಖ ಕಾಣುವುದಿಲ್ಲ, ಸುದ್ದಿ ಕೇಳುವುದಿಲ್ಲ, ಅವನ ಕಡೆಯಿಂದ ಒಂದು ಸೊಲ್ಲೂ ಬರುವುದಿಲ್ಲ. ಆದರೂ ನನ್ನ ಸಿಟ್ಟು ಏಕೆ ನಿಲ್ಲುತ್ತಿಲ್ಲ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಬಳಿ ಹಳೆಯ ಟ್ರ್ಯಾಕ್ಟರೊಂದಿತ್ತು. ಆ ಊರಿಗೆ ಬಂದ ಮೊದಲ ಟ್ರ್ಯಾಕ್ಟರ್ ಅದು, ತಂದವನು ಅವನ ತಂದೆ. ತಂದೆ ತೀರಿಕೊಂಡ ಮೇಲೆ ಅದು ಎರವಲಾಗಿ ಹತ್ತಾರು ಕೈ ಸುತ್ತಿ, ಕೊನೆಗೊಮ್ಮೆ ಹೊಲದ ನಡುವೆ ನಿಂತುಬಿಟ್ಟಿತು. ಎತ್ತು ಕಟ್ಟಿ ಎಳೆದು ತಂದು ಕೊಟ್ಟಿಗೆಯ ಬಾಗಿಲ ಬಳಿ ನಿಲ್ಲಿಸಿದರು. ಗುಜರಿಯವರು ಬಂದು ಕೇಳಿದಾಗಲೆಲ್ಲ ರೈತ ತಲೆ ಅಲ್ಲಾಡಿಸಿ ಕಳಿಸುತ್ತಿದ್ದ. ಅದನ್ನು ಮತ್ತೆ ಓಡಿಸಬೇಕೆಂಬುದು ಅವನ ಹಟ.

ಕಡೆಗೆ ಪೇಟೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ. ಎಂಜಿನ್ ಜಾಮ್ ಆಗಿತ್ತು. ಪಿಸ್ಟನ್‌ಗಳು ಇದ್ದಲ್ಲೇ ಕಚ್ಚಿಕೊಂಡು ಕೂತಿದ್ದವು. ಅವುಗಳ ಮೇಲೆ ಡೀಸೆಲ್ ಸುರಿದು ನೆನೆಯಲು ಬಿಟ್ಟು, ಮರದ ತುಂಡಿಟ್ಟು ಮೆಲ್ಲಗೆ ಬಡಿದು ಬಿಡಿಸಬೇಕಾಯಿತು. ಬಿಚ್ಚಿ ನೋಡಿದ ಮೆಕ್ಯಾನಿಕ್ ಒಳಗೆ ಬೆರಳಾಡಿಸಿ ಹೇಳಿದ: "ಯಾರೋ ಆಯಿಲ್ ಇಲ್ಲದೆ ಓಡಿಸಿದ್ದಾರೆ. ಗಂಟಲು ಒಣಗಿ ಸತ್ತಿದೆ ಇದು."

ಆ ಮಾತು ರೈತನ ಎದೆಗೆ ನಾಟಿತು. ತಂದೆ ಬೆಳಗೆದ್ದರೆ ಮೊದಲು ಆಯಿಲ್ ನೋಡದೆ ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ಸರಿಮಾಡಿದರೆ ಇನ್ನೊಂದು ಕಾಣಿಸಿಕೊಂಡಿತು. ಹೊಸ ಪಿಸ್ಟನ್ ಬಂದವು, ಆಗ ಎಂಜಿನ್‌ನ ಮೇಲ್ಮುಚ್ಚಳವಾದ ಹೆಡ್‌ನಲ್ಲಿ ಬಿರುಕು ಕಂಡಿತು. ಬಿರುಕು ಬೆಸೆದು ತಂದು ಕೂರಿಸಿದರು, ನೀರು ತುಂಬಿದೊಡನೆ ಅದು ಇಳಿದು ಆಯಿಲ್‌ಗೆ ಸೇರಿತು. ಮತ್ತೆ ಬಿಚ್ಚಿದರು. ಮೆಕ್ಯಾನಿಕ್ ಪ್ರತಿ ಸಲ "ಇದೊಂದು ಆದರೆ ಮುಗೀತು" ಎನ್ನುತ್ತಿದ್ದ. ಪ್ರತಿ ಸಲವೂ ರೈತ ನಂಬುತ್ತಿದ್ದ.

ಅಂತೂ ಎಂಜಿನ್ ಕಟ್ಟಿ ಮುಗಿಯಿತು. ಮೆಕ್ಯಾನಿಕ್ ಆಯಿಲ್ ಡಬ್ಬವನ್ನು ರೈತನ ಕೈಗೆ ಕೊಟ್ಟ. "ಆಯಿಲ್ ಅಳೆಯುವ ಕಡ್ಡಿಯ ಮೇಲೆ ಗುರುತು ಇದೆಯಲ್ಲ, ಅಲ್ಲಿವರೆಗೆ ಹಾಕಿ" ಎಂದು ಹೇಳಿ ಬ್ಯಾಟರಿ ಜೋಡಿಸಲು ಆಚೆ ಬದಿಗೆ ಹೋದ.

ರೈತ ಗುರುತಿನವರೆಗೆ ಸುರಿದ. ಡಬ್ಬ ಕೆಳಗಿಡಲು ಹೋದವನು ತಡೆದು ನಿಂತ. ಒಣಗಿ ಸತ್ತದ್ದು ಇದು ಎಂದು ನೆನಪಾಯಿತು. ಇನ್ನಷ್ಟು ಸುರಿದ. ಎಂದೂ ಕಡಿಮೆಯಾಗದಿರಲಿ ಎಂದುಕೊಂಡು ಡಬ್ಬವನ್ನು ಪೂರ್ತಿ ಬೋರಲು ಹಾಕಿದ.

ಅದು ಸಂಜೆ ಹಾಲು ಕರೆಯುವ ಹೊತ್ತು. ಕೊಟ್ಟಿಗೆಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲ ಬಳಿ ಟ್ರ್ಯಾಕ್ಟರ್, ಅದರಾಚೆ ಗೋದಲಿ. ರೈತನ ಹೆಂಡತಿ ಗೋದಲಿಯ ಬಳಿ ಮಣೆ ಹಾಕಿಕೊಂಡು ಎಮ್ಮೆಯ ಕೆಚ್ಚಲಿಗೆ ಕೈ ಹಾಕಿದ್ದಳು.

ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿದ. ಅದು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಹದಕ್ಕೆ ಬಂತು. ತಂದೆಯ ಕಾಲದ ಅದೇ ಸದ್ದು. ರೈತನ ಕಣ್ಣು ತುಂಬಿತು. ಹೆಂಡತಿ ಕೂತಲ್ಲಿಂದಲೇ ತಿರುಗಿ ನೋಡಿ ನಕ್ಕಳು.

ಮೆಕ್ಯಾನಿಕ್ ವೇಗ ಇಳಿಸಿದ. ಸದ್ದು ಇಳಿಯಲಿಲ್ಲ. ಬದಲಿಗೆ ಏರಿತು. ಅವನು ನಿಲ್ಲಿಸುವ ಗುಂಡಿಯನ್ನು ಎಳೆದ. ನಿಲ್ಲಲಿಲ್ಲ. ಸ್ಪ್ಯಾನರ್ ತೆಗೆದು ಡೀಸೆಲ್ ಪೈಪನ್ನೇ ಬಿಚ್ಚಿದ. ಡೀಸೆಲ್ ನೆಲಕ್ಕೆ ಹರಿಯಿತು, ಒಂದು ಹನಿಯೂ ಎಂಜಿನ್‌ಗೆ ಹೋಗುತ್ತಿರಲಿಲ್ಲ. ಆದರೂ ಸದ್ದು ಏರುತ್ತಲೇ ಇತ್ತು. ನೀಲಿ ಹೊಗೆ ಕೊಟ್ಟಿಗೆ ತುಂಬಿತು. ನೆಲ ನಡುಗತೊಡಗಿತು.

"ಡೀಸೆಲ್ಲೇ ಇಲ್ಲವಲ್ಲ, ಏನು ಕುಡಿದು ಓಡ್ತಿದೆ ಇದು?" ಎಂದು ರೈತ ಕೂಗಿದ.

ಮೆಕ್ಯಾನಿಕ್ ಹೊಗೆಯ ಬಣ್ಣ ನೋಡಿದ. ಅವನ ಮುಖ ಬಿಳಿಚಿತು. "ಆಯಿಲ್ ಎಷ್ಟು ಹಾಕಿದಿರಿ?"

"ಇದ್ದದ್ದನ್ನೆಲ್ಲ."

"ಅದನ್ನೇ ಕುಡೀತಿದೆ. ತನ್ನ ಹೊಟ್ಟೆಯೊಳಗಿನ ಆಯಿಲನ್ನೇ ಕುಡೀತಿದೆ. ಇನ್ನು ಸಿಡಿಯುತ್ತೆ, ಹೊರಗೆ ನಡೀರಿ." ಹಾಗೆಂದವನೇ ಅವನು ಬಾಗಿಲಾಚೆ ಹಾರಿದ.

ರೈತನೂ ಒಂದು ಹೆಜ್ಜೆ ಕಿತ್ತಿಟ್ಟ. ಆಗ ಹೊಗೆಯೊಳಗಿನಿಂದ ಎಮ್ಮೆ ಒದರಿತು. ಹೆಂಡತಿ ಅದರ ಹಗ್ಗ ಬಿಚ್ಚಲು ಹೆಣಗುತ್ತಿದ್ದಳು. ಅವಳು ಹೊರಗೆ ಬರಬೇಕಾದರೆ ಆ ಎಂಜಿನ್‌ನ ಪಕ್ಕದಲ್ಲೇ ಹಾದು ಬರಬೇಕು. ರೈತ ಹಿಂದಕ್ಕೆ ತಿರುಗಿದ.

"ಗಾಳಿ ಕಟ್ಟಿ," ಬಾಗಿಲಾಚೆಯಿಂದ ಮೆಕ್ಯಾನಿಕ್ ಅರಚಿದ. "ಗಾಳಿ ಹೋಗುವ ಬಾಯಿ ಮುಚ್ಚಿದರೆ ಸಾಯುತ್ತೆ."

ರೈತ ಗಾಳಿಯ ಕೊಳವೆಯನ್ನು ಎರಡೂ ಕೈಯಿಂದ ಕಿತ್ತ. ಅಂಗೈ ಸುಟ್ಟಿತು. ತೆರೆದ ಬಾಯಿಗೆ ಹೆಗಲ ಮೇಲಿನ ಟವೆಲನ್ನು ಒತ್ತಿದ. ಎಂಜಿನ್ ಅದನ್ನು ಅವನ ಕೈಯಿಂದ ಸೆಳೆದು ನುಂಗಿತು, ಸದ್ದು ಒಂದು ಗಳಿಗೆ ತಗ್ಗಿ ಮತ್ತೆ ಏರಿತು. ಇನ್ನೇನು ಇಡುವುದೆಂದು ಅವನು ಸುತ್ತ ನೋಡಿದ. ಕಣ್ಣಿಗೆ ಹೊಗೆ ಬಿಟ್ಟು ಬೇರೇನೂ ಕಾಣಲಿಲ್ಲ.

ಹೊಗೆಯಿಂದ ಒಂದು ಕೈ ಚಾಚಿತು. ಹೆಂಡತಿ ತಾನು ಕೂತಿದ್ದ ಮಣೆಯನ್ನು ಅವನೆಡೆಗೆ ಹಿಡಿದಿದ್ದಳು.

ರೈತ ಅದನ್ನು ಆ ತೆರೆದ ಬಾಯಿಗೆ ಒತ್ತಿ ಹಿಡಿದ. ಎಂಜಿನ್ ಮಣೆಯನ್ನು ಕಚ್ಚಿ ಎಳೆದುಕೊಂಡಿತು. ಟ್ರ್ಯಾಕ್ಟರ್ ಇಡಿಯಾಗಿ ಅದುರಿತು. ಅವನು ಮೈಭಾರವನ್ನೆಲ್ಲ ಮಣೆಯ ಮೇಲೆ ಹಾಕಿ ಕಣ್ಣು ಮುಚ್ಚಿದ. ಎಂಜಿನ್ ಉಬ್ಬಸಪಟ್ಟಿತು, ಕುಂಟಿತು, ಒಮ್ಮೆ ಜೋರಾಗಿ ಜಗ್ಗಿ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಅವನ ತೋಳು ಮುಟ್ಟಿದಳು. "ಕೈ ತೆಗೀರಿ. ನಿಂತು ಆಗಲೇ ಎಷ್ಟು ಹೊತ್ತಾಯ್ತು."

ಅವನಿಗೆ ಅದು ತಿಳಿದಿರಲಿಲ್ಲ. ಕಿವಿಯಲ್ಲಿ ಅದು ಇನ್ನೂ ಓಡುತ್ತಲೇ ಇತ್ತು.

ಮೆಕ್ಯಾನಿಕ್ ಒಳಗೆ ಬಂದ. ಓಡಿಹೋದ ನಾಚಿಕೆಗೆ ಅವನು ರೈತನ ಮುಖ ನೋಡಲಿಲ್ಲ. ಕಡ್ಡಿ ಎಳೆದು ನೋಡಿ, "ಗುರುತು ಇತ್ತಲ್ಲ ಯಜಮಾನರೇ, ಯಾಕೆ ಇಷ್ಟು ಸುರಿದಿರಿ?" ಎಂದ.

"ಒಣಗಿ ಸತ್ತಿತ್ತು ಅಂದಿರಲ್ಲ. ಅವತ್ತಿನಿಂದ ನನಗೆ ಅದೊಂದೇ ತಲೆಯಲ್ಲಿ," ಎಂದ ರೈತ.

ಮತ್ತೆ ಬಿಚ್ಚಬೇಕಾಯಿತು. ಟವೆಲಿನ ಚೂರುಗಳನ್ನು ಚಿಮಟದಲ್ಲಿ ಹೆಕ್ಕಿ ತೆಗೆದರು. ಹೊಸ ಪಿಸ್ಟನ್ ಒಂದು ಹಾಳಾಗಿತ್ತು, ಅದನ್ನು ಬದಲಿಸಿದರು. ಸುಟ್ಟ ಅಂಗೈ ಮಾಯುವಷ್ಟರಲ್ಲಿ ಎಂಜಿನ್ ಸಿದ್ಧವಾಯಿತು. ಈ ಸಲ ರೈತ ಗುರುತಿನವರೆಗೆ ಸುರಿದು, ಉಳಿದದ್ದನ್ನು ಮೆಕ್ಯಾನಿಕ್‌ನ ಕೈಗೇ ಹಿಂದಕ್ಕೆ ಕೊಟ್ಟ. ಆ ವರ್ಷ ಅವನ ಹೊಲವನ್ನು ಅದೇ ಟ್ರ್ಯಾಕ್ಟರ್ ಉತ್ತಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಅದು ಎಂಜಿನ್, ಮಣೆ ಇಟ್ಟರೆ ನಿಂತಿತು. ನನ್ನನ್ನು ಕಳ್ಳನೆಂದದ್ದು ಬದುಕಿರುವ ಮನುಷ್ಯ, ಗುರುಗಳೇ," ಎಂದ.

ಗುರುಗಳು ಹೇಳಿದರು: "ಅವನು ಆ ಮಾತನ್ನು ಒಂದು ಸಲ ಆಡಿದ, ಇವತ್ತು ಬೆಳಗಿನಿಂದ ನೀನು ಎಷ್ಟು ಸಲ ಆಡಿಕೊಂಡೆ?"