ರಕ್ಷಾಪುಟ ಮೆಲ್ಲುವ ವಿಮರ್ಶಕ

ಕಾಡಿನ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದ ಮೇಕೆ, ರಕ್ಷಾಪುಟವನ್ನಷ್ಟೇ ಮೆದ್ದು ನಾಲ್ಕು ಸಾಲು ಗೀಚಿಬಿಡುತ್ತಿತ್ತು. ಮೂರು ವರ್ಷ ಕೂತು ಬರೆದ ತನ್ನ ಕಾದಂಬರಿಗೂ ಇದೇ ಗತಿಯಾದಾಗ ಮುಳ್ಳುಹಂದಿಗೆ ಸಿಟ್ಟು ಬಂತು. ಮುಂದಿನ ಸಲ ಅದು ಬರೀ ಖಾಲಿ ಹಾಳೆಗಳಿಗೆ ಚಂದದ ರಕ್ಷಾಪುಟ ಹೊದಿಸಿ ಕಳಿಸಿತು. ಭಾನುವಾರವೇ ಭರ್ಜರಿ ಹೊಗಳಿಕೆ ಅಚ್ಚಾಯಿತು.

ಮುಳ್ಳುಹಂದಿ ನೇರ ಸಂಪಾದಕ ಆನೆಯ ಬಳಿಗೆ ಹೋಗಿ, ತನ್ನಲ್ಲಿದ್ದ ಇನ್ನೊಂದು ಪ್ರತಿಯನ್ನು ಬಿಚ್ಚಿ ತೋರಿಸಿತು. "ಇದರಲ್ಲಿ ಒಂದಕ್ಷರವೂ ಇಲ್ಲ ಸ್ವಾಮಿ. ನಿಮ್ಮ ವಿಮರ್ಶಕರು ಓದಿದ್ದಾದರೂ ಏನನ್ನು?"

ಆನೆ ಮೇಕೆಯನ್ನು ಕರೆಸಿತು. "ಏನಯ್ಯಾ ಇದು? ಕೆಲಸ ಉಳಿಯಬೇಕಾದರೆ ಉತ್ತರ ಹೇಳು."

ಮೇಕೆ ಹಾಳೆಗಳನ್ನು ಮೊದಲ ಬಾರಿಗೆ ತಿರುವಿ ನೋಡಿ, ತಣ್ಣಗೆ ಹೇಳಿತು: "ಸರಿಯಾಗಿಯೇ ಬರೆದಿದ್ದೇನಲ್ಲ ಸ್ವಾಮಿ, ಇಡೀ ಕೃತಿಯಲ್ಲಿ ಒಂದು ಪದವೂ ಹೆಚ್ಚಿಲ್ಲ ಎಂದು."