ಎಕ್ಸ್‌ರೇ ನಾಬಿನ ಹಟ

ಪೈಲ್ವಾನ ಸಿದ್ರಾಮನ ಎದೆಯ ಎಕ್ಸ್‌ರೇ ಮುಗಿಯಿತು. ಅವನ ಜಾಗಕ್ಕೆ ಕೆಮ್ಮುತ್ತ ಬಂದು ನಿಂತವಳು ಕಡ್ಡಿಯಂಥ ನೀಲವ್ವ. ಅವಳ ಎದೆಗೆ ಒತ್ತಿಟ್ಟ ಹೊಸ ಫಿಲ್ಮಿಗೆ ಪಕ್ಕೆಲುಬು ತಾಗಿದ್ದೇ ದಿಗಿಲಾಯಿತು. ಕಿರಣವನ್ನು ಏರಿಸಿ ಇಳಿಸುವ ಯಂತ್ರದ ತಿರುಗುಗುಂಡಿಯನ್ನು ಅದು ಕೂಗಿತು:

“ನಾಬೇ, ನೀನಿನ್ನೂ ಪೈಲ್ವಾನನಿಗೆ ಏರಿಸಿದಲ್ಲೇ ನಿಂತಿದ್ದೀಯೆ. ಬೇಗ ಇಳಿ! ಅಷ್ಟು ಕಿರಣ ಈ ತೆಳು ಮೈ ದಾಟಿ ಬಂದರೆ ನಾನು ಪೂರ್ತಿ ಕಪ್ಪಾಗುತ್ತೇನೆ.”

“ದಪ್ಪಗಿದ್ದವರಿಗೊಂದು, ಸಣಕಲರಿಗೊಂದು ಎನ್ನುವ ಪಂಕ್ತಿಭೇದ ನನ್ನಲ್ಲಿಲ್ಲ,” ಎಂದಿತು ನಾಬ್.

“ಹೊಟ್ಟೆ ನೋಡಿ ಬಡಿಸುವುದು ಪಂಕ್ತಿಭೇದವಲ್ಲ!”

ಎಕ್ಸ್‌ರೇ ತೆಗೆಯುವ ಫಕೀರಪ್ಪ ತಿರುಗಿಸಲು ಕೈಯಿಟ್ಟ. ನಾಬ್ ಬಿಗಿದುಕೊಂಡು ಕೂತಿತು. ಹೊರಗೆ ಸಾಲು ಬೆಳೆದಿತ್ತು. ‘ಇರಲಿ’ ಎಂದುಕೊಂಡ ಅವನು, “ಉಸುರು ಬಿಗಿ ಹಿಡಿ, ಯವ್ವಾ,” ಎಂದು ಬಟನ್ ಒತ್ತಿಬಿಟ್ಟ.

ಫಿಲ್ಮನ್ನು ತೊಳೆದು ಬೆಳಕಿಗೆ ಹಿಡಿದರೆ ಎಲುಬೂ ಇಲ್ಲ, ಶ್ವಾಸಕೋಶವೂ ಇಲ್ಲ, ಬರೀ ಕಪ್ಪು. ಫಕೀರಪ್ಪ ಹಣೆ ಚಚ್ಚಿಕೊಂಡ. “ಇನ್ನೊಮ್ಮೆ ನಿಲ್ಲಬೇಕು, ಯವ್ವಾ.”

ನೀಲವ್ವನಿಗೆ ಅದು ಕೇಳಿಸಲೇ ಇಲ್ಲ. ಫಿಲ್ಮನ್ನೇ ನೋಡುತ್ತ, ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು: “ನನ್ನ ಎದಿ ಒಳಗ ಇಷ್ಟೂ ಕರ್ರಗ ಆಗೇತೇನಪಾ?”

ಫಿಲ್ಮು ನಾಬಿನ ಕಡೆ ನೋಡಿತು. ಯಾರೂ ಮುಟ್ಟದಿದ್ದರೂ ನಾಬ್ ಮೆಲ್ಲಗೆ ಕೆಳಗಿಳಿಯಿತು.