ನಿದ್ದೆ ಬಾರದ ಬೇಗೆವ್ವ

ಹೊಂಗೆ ಸಸಿಗೆ ಒಂದು ಚೆಂಬು ನೀರು ಹಾಕು ಅಂದ್ರೆ ನಾಳೆ ಹಾಕ್ತೀನಿ ಅಂತ ಹಾಸಿಗೆ ಸೇರ್ಕೊಂಡೆ. ಕತೆ ಮಾತ್ರ ಇವತ್ತೇ ಬೇಕಾ ನಿಂಗೆ? ಸರಿ, ಬಾ ಹತ್ರ. ಹೂಂ ಅಂತಿರು, ಹೂಂ ನಿಂತ್ರೆ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರಲಿಲ್ಲ, ನಿನ್ನ ಹಠನೂ ಹುಟ್ಟಿರಲಿಲ್ಲ, ಗೂಡಹಳ್ಳಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಮನೆಗೊಂದು ಇಟ್ಟಿಗೆ ಸುಡೋ ಗೂಡು, ಹಗಲೂ ರಾತ್ರಿ ಉರಿಯೋದಂತೆ. ಉರಿಯೋಕೆ ಸೌದೆ ಬೇಕಲ್ಲ, ಮೊದಲು ಗುಡ್ಡದ ಮರ ಕಡಿದ್ರಂತೆ, ಆಮೇಲೆ ಕೆರೆ ಏರಿ ಮೇಲಿನವು, ಆಮೇಲೆ ಹಿತ್ತಲಲ್ಲಿ ನೆರಳಿಗೆ ಅಂತ ಇಟ್ಟಿದ್ದವೂ ಹೋದ್ವಂತೆ. ಊರ ತುಂಬ ಕೆಂಪು ಕೆಂಪು ಮನೆ, ಊರೋರಿಗೆ ಜಂಭವೋ ಜಂಭ.

ಹಿಂಗಿರುವಾಗ ಒಂದಿನ ನಡುಮಧ್ಯಾಹ್ನ ಯಾರೋ ಮನೆಮನೆ ಬಾಗಿಲು ಬಡಿದ್ರಂತೆ. ಕಿಟಕೀಲಿ ಇಣುಕಿದ್ರೆ ಕೆಂಡದ ಬಣ್ಣದ ಒಬ್ಬ ಹೆಂಗಸು, ಅವಳು ಕಾಲಿಟ್ಟಲ್ಲೆಲ್ಲ ಹುಲ್ಲು ಕರಕಲು. ಊರೋರು ಅವಳಿಗೆ ಬೇಗೆವ್ವ ಅಂತ ಹೆಸರಿಟ್ರು. ಆ ಊರಿನ ಗೌಡ ಬೊಮ್ಮೇಗೌಡ ಅಂತ, ಭಾರಿ ಬುದ್ಧಿವಂತ, ಹಂಗಂತ ಅವನೇ ಹೇಳ್ಕೊಳ್ಳೋನು. ಅವನು ಅಂದನಂತೆ, ದೆವ್ವ ಬಂದ್ರೆ ನಮ್ಮ ಹಿರೀಕರು ಏನು ಮಾಡ್ತಿದ್ರು, ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರು. ದೆವ್ವ ಓದ್ಕೊಂಡು ಹೋಗೋದು, ಮಾರನೇ ದಿನ ಬಂದ್ರೆ ಮತ್ತೆ ಅದೇ ಬರಹ. ಇವಳಿಗೂ ಹಂಗೇ ಮಾಡಿ, ಬರೆದಿದ್ದನ್ನ ಯಾರೂ ದಾಟಂಗಿಲ್ಲ. ಆದ್ರೆ ದೊಡ್ಡೋರಿಗೆ ಅಕ್ಷರ ಬರಬೇಕಲ್ಲ? ಊರಲ್ಲಿ ಬರೆಯೋಕೆ ಬರ್ತಿದ್ದದ್ದು ಮಠದ ಐಗಳಿಗೆ, ಅವರ ಹತ್ರ ಓದೋ ಮಕ್ಕಳಿಗೆ, ಅಷ್ಟೇ. ಐಗಳಿಗೆ ಸೊಂಟನೋವು. ದಿನಾ ಬೆಳಿಗ್ಗೆ ಸುಣ್ಣದ ಬಟ್ಟಲು ಹಿಡ್ಕೊಂಡು ಮನೆಮನೆ ಬಾಗಿಲಿಗೆ ಬರೆಯೋ ಕೆಲಸ ಮಕ್ಕಳ ತಲೆಗೇ ಬಿತ್ತಂತೆ.

ಬೇಗೆವ್ವ ಪಾಪ, ಹೇಳಿದ ಮಾತು ಕೇಳೋಳು. ಓದೋಳು, ಹೋಗೋಳು, ಮಾರನೇ ದಿನ ಬರೋಳು.

ಮೊದಲ ವರ್ಷ ಊರೋರಿಗೆ ಖುಷಿನೇ ಆಯ್ತಂತೆ. ಹಪ್ಪಳ ಹರವಿ ಸೆರಗಲ್ಲಿ ಮುಖ ಒರೆಸ್ಕೊಳ್ಳೋದ್ರೊಳಗೆ ಒಣಗಿರೋವು. ನಗಬೇಡ, ಮುಂದೆ ಕೇಳು. ಎರಡನೇ ವರ್ಷ ಬಾವಿ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯ್ತು, ಕೋಳಿ ಮೊಟ್ಟೆ ಇಡೋದೇ ಮರೆತ್ವು. ಗೌಡ ಏನಂದ? ಅಕ್ಷರ ಇನ್ನೂ ದಪ್ಪ ಬರೀರಿ ಅಂದ. ಮೂರನೇ ವರ್ಷಕ್ಕೆ ಬೇಗೆವ್ವ ಗುಡ್ಡದೆತ್ತರ ಬೆಳೆದಿದ್ಲಂತೆ, ಬೆಳಿಗ್ಗೆ ಬಳಿದ ಸುಣ್ಣ ಮಧ್ಯಾಹ್ನಕ್ಕೆ ಹಕ್ಕಳೆ ಎದ್ದು ಉದುರೋದಂತೆ. ಗೌಡ, ದಿನಕ್ಕೆ ಎರಡು ಸಲ ಬರೀರಿ ಅಂದ. ಗೂಡಿಗೆ ಸೌದೆ ಹಾಕೋದು ಮಾತ್ರ ಒಬ್ಬರೂ ಬಿಡಲಿಲ್ಲ.

ಬರೆಯೋ ಮಕ್ಕಳಲ್ಲಿ ನಿಂಗಿ ಅಂತ ಒಬ್ಬಳಿದ್ಲಂತೆ, ನಿನ್ನಷ್ಟೇ ಉದ್ದ, ನಿನ್ನಂಗೇ ಬಾಯಿ ತುಂಬ ಪ್ರಶ್ನೆ. ಅವಳ ತಮ್ಮ ಇನ್ನೂ ತೊಟ್ಟಿಲ ಕೂಸು. ಆ ಬೇಸಿಗೇಲಿ ಕೂಸಿನ ಮೈಯೆಲ್ಲ ಬೆವರುಸಾಲೆ, ತುಟಿ ಒಡೆದು ಅಳೋಕೂ ತ್ರಾಣ ಇಲ್ಲ, ಹಾಲು ಕೊಟ್ರೆ ಬಾಯೇ ತೆಗೀದು. ನಿಂಗಿ ಸುಣ್ಣದ ಬಟ್ಟಲು ಕೆಳಗಿಟ್ಲು. ಗೌಡನ ಹತ್ರ ಹೋಗಿ ಕೇಳಿದ್ಲು, ತಾತ, ಅವಳು ದಿನಾ ಬರ್ತಾಳಲ್ಲ, ಏನು ಬೇಕಂತೆ ಅವಳಿಗೆ? ಅದೆಲ್ಲ ಕೇಳಬಾರದು ಅಂದ ಗೌಡ. ಐಗಳನ್ನ ಕೇಳಿದ್ಲು, ಅದು ಪಾಠದಲ್ಲಿ ಬಂದಿಲ್ಲ ಅಂದ್ರು ಅವರು. ಅವ್ವನ್ನ ಕೇಳಿದ್ಲು, ಅವ್ವ ಸುಮ್ನೆ ಅತ್ಲು. ನೋಡು ಮತ್ತೆ, ಮೂರು ವರ್ಷದಿಂದ ಬಾಗಿಲಿಗೆ ಬಂದು ಹೋಗೋಳನ್ನ ಏನವ್ವ ಬೇಕು ಅಂತ ಊರಲ್ಲಿ ಒಬ್ಬರೂ ಕೇಳಿರಲಿಲ್ಲವಂತೆ.

ಮಾರನೇ ದಿನ ನಿಂಗಿ ಎಲ್ಲರ ಬಾಗಿಲಿಗೂ ಬರೆದು ತನ್ನ ಮನೆ ಬಾಗಿಲಿಗೆ ಮಾತ್ರ ಬರೀಲಿಲ್ಲ. ಹೊಸ್ತಿಲ ಮೇಲೆ ಒಂದು ಚೆಂಬು ನೀರಿಟ್ಟು ಕಂಬದ ಮರೇಲಿ ಕೂತ್ಲಂತೆ. ಬೇಗೆವ್ವ ಬಂದ್ಲು, ಬಗ್ಗಿ ನೋಡಿದ್ಲು, ಬರಹ ಇಲ್ಲ. ಏನು ಮಾಡಬೇಕೋ ತಿಳೀದೆ ಅಲ್ಲೇ ನಿಂತ್ಲು. ಆಮೇಲೆ ನಿಂಗಿ ಮೆಲ್ಲಗೆ ಕೇಳಿದ್ಲು, ನೀನು ಯಾರ ಮನೆಯೋಳು? ಈ ಊರೋಳೇ ಕಣವ್ವ, ನಿಮ್ಮ ಗೂಡಿನ ಬೆಂಕೀಲೇ ಹುಟ್ಟಿದೋಳು ಅಂದ್ಲಂತೆ. ಮತ್ತೆ ದಿನಾ ಯಾಕೆ ಬರ್ತೀಯ? ಮಲಗೋಕೆ ಅಂದ್ಲಂತೆ. ಮುಂಚೆ ಪುಟ್ಟೋಳಿದ್ದೆ, ಯಾವುದೋ ಮರದ ನೆರಳಲ್ಲಿ ಬಿದ್ಕೊಂಡ್ರೆ ನಿದ್ದೆ ಬರೋದು. ಆ ಮರಗಳನ್ನೆಲ್ಲ ನಂಗೇ ತಿನ್ನಿಸಿದ್ರಿ. ತಿಂದು ತಿಂದು ಬೆಳೆದೆ, ಈಗ ಮಲಗೋಕೆ ನೆರಳಿಲ್ಲ, ಮೂರು ವರ್ಷದಿಂದ ಕಣ್ಣು ಮುಚ್ಚಿಲ್ಲ. ನಿದ್ದೆಗೆಟ್ಟೋರ ಸಿಡುಕು ಹೆಂಗಿರುತ್ತೆ ಅಂತ ನಿಂಗೆ ಗೊತ್ತಲ್ಲ ಕೂಸೇ, ಅಂದ್ಲಂತೆ. ನಂಗೆ ಗೊತ್ತಿಲ್ಲದೆ ಏನು, ದಿನಾ ಸಂಜೆ ನಿನ್ನಲ್ಲೇ ನೋಡ್ತೀನಲ್ಲ.

ನಿಂಗಿ ಮೂರನೇ ಪ್ರಶ್ನೆ ಕೇಳೋಕೆ ಹೆದರಿದ್ಲು, ಆದ್ರೂ ಕೇಳಿದ್ಲು, ನನ್ನ ತಮ್ಮ ಉಳೀತಾನಾ?

ಬೇಗೆವ್ವ ತೊಟ್ಟಿಲ ಕಡೆ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದ್ಲಂತೆ. "ನನ್ನನ್ನ ಇನ್ನು ನಾಳೆ ಬಾ ಅನ್ನಬೇಡಿ ಮಗಾ. ಒಂದೊಂದು ನಾಳೆಗೂ ನಾನು ಬೆಳೀತೀನಿ. ಆಮೇಲೆ ನನ್ನನ್ನ ತಡೆಯೋಕೆ ನನ್ನ ಕೈಲೂ ಆಗಲ್ಲ."

ಆಮೇಲೆ ನಿಂಗಿ ಸುಣ್ಣದ ಬಟ್ಟಲು ಎತ್ಕೊಂಡು ಓಡಿದ್ಲು ನೋಡು, ಓದೋ ಮಕ್ಕಳನ್ನೆಲ್ಲ ಕೂಗಿದ್ಲು. ಸಂಜೆ ದೊಡ್ಡೋರು ಸೌದೆ ಹೊರೆ ಹೊತ್ಕೊಂಡು ಗೂಡಿನ ಹತ್ರ ಬಂದ್ರೆ ಪ್ರತಿ ಗೂಡಿನ ಬಾಯಿ ಮೇಲೂ ಬಿಳೀ ಬಿಳೀ ಅಕ್ಷರ, ನಾಳೆ ಬಾ. ಓದೋಕೆ ಬರದಿದ್ರೂ ಮೂರು ವರ್ಷ ಕಣ್ಣಲ್ಲಿ ಕಂಡ ಅಕ್ಷರ, ಗುರುತು ಸಿಗಲ್ವಾ? ಎಲ್ಲರೂ ನಿಂತಲ್ಲೇ ನಿಂತ್ರಂತೆ. ಗೌಡ ಅಳಿಸ್ರೋ ಅಂತ ಗದರಿದ. ನಿಂಗಿ ಗೂಡಿನ ಮುಂದೆ ನಿಂತು ಅಂದ್ಲು, "ಬರೆದಿದ್ದನ್ನ ಯಾರೂ ದಾಟಂಗಿಲ್ಲ ಅಂತ ನೀವೇ ಹೇಳಿದ್ರಲ್ಲ ತಾತ." ಬೆಂಕಿಯಂಥ ಬೇಗೆವ್ವನೇ ದಾಟಿಲ್ಲ, ಇವರು ದಾಟ್ತಾರಾ? ಆಮೇಲೆ ನಿಂಗಿ ಅವ್ವ ಎಲ್ಲರಿಗಿಂತ ಮೊದಲು ತನ್ನ ಹೊರೆ ಕೆಳಗೆ ಹಾಕಿದ್ಲಂತೆ. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಇನ್ನೊಬ್ಬ. ದಿನಾ ಸಂಜೆ ಬರೋರು, ನೋಡೋರು, ವಾಪಸ್ ಹೋಗೋರು. ಗೂಡು ತಣ್ಣಗಾದ್ವು.

ಇಟ್ಟಿಗೆ ಸುಡದೆ ಹೊಟ್ಟೆಗೇನು ಮಾಡಿದ್ರು ಅಂತೀಯಾ? ಒಳ್ಳೇ ಪ್ರಶ್ನೆನೇ ಕೇಳ್ದೆ. ಸುಲಭ ಆಗಲಿಲ್ಲ ಮಗಾ, ಒಂದೆರಡು ವರ್ಷ ಒಪ್ಪತ್ತು ಉಂಡ್ರಂತೆ. ಆಮೇಲೆ ಹಸಿ ಇಟ್ಟಿಗೇನ ಬಿಸಿಲಲ್ಲೇ ಒಣಗಿಸಿ ಕಟ್ಟೋದು, ಮಾರೋದು ಕಲಿತ್ರು.

ಕೆಳಗೆ ಹಾಕಿದ ಸೌದೆ ಇತ್ತಲ್ಲ, ಮಾರನೇ ದಿನಾನೇ ಮಕ್ಕಳು ಅದರಲ್ಲಿ ಚಪ್ಪರ ಹಾಕಿ ಅವ್ವಂದಿರ ಹಳೇ ಸೀರೆ ಹೊದಿಸಿದ್ರಂತೆ. ಬೇಗೆವ್ವ ಮಲಗೋಕೆ ಬಂದ್ರೆ ಅವಳ ಕಾಲಿನ ಹೆಬ್ಬೆರಳು ಮಾತ್ರ ಹಿಡೀತು. ಆದ್ರೂ ಆ ಹೆಬ್ಬೆರಳಿಗೆ ನಿದ್ದೆ ಬಂತಂತೆ. ಅವತ್ತು ನಿಂಗಿ ತಮ್ಮ ಬಾಯಿ ತೆಗೆದು ಹಾಲು ಕುಡಿದ. ಆಮೇಲೆ ಮಕ್ಕಳು ಹೊಂಗೆ ನೆಟ್ರು, ಬೇವು ನೆಟ್ರು, ಕೆರೆ ಏರಿ ಮೇಲೆ ಹುಣಸೆ ನೆಟ್ರು. ಸಸಿ ಬೆಳೆದಂಗೆ ಬೇಗೆವ್ವನ ಪಾದ ಮಲಗ್ತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ನಿಂಗಿ ತಮ್ಮ ಆ ಮರದಡೀಲೇ ಬುಗುರಿ ಆಡಿ ದೊಡ್ಡೋನಾದ, ಊರು ಸುಖವಾಗಿತ್ತಂತೆ.

ಏನು, ಪೂರ್ತಿ ಮಲಗಿದಾಳಾ ಅಂತಾನಾ? ಇಲ್ಲ ಕೂಸೇ. ಕಣ್ಣು ಇನ್ನೂ ತೆರೆದೇ ಇದೆಯಂತೆ, ತಲೆ ಇಡೋಕೆ ನೆರಳು ಸಾಲದೆ. ಅದಕ್ಕೇ ನೋಡು, ಈಗೀಗ ರಾತ್ರಿ ಹೊತ್ತೂ ಬೀಸಣಿಗೆ ಬೀಸ್ಕೋಬೇಕು.

ಎಲ್ಲಿಗೆ ಎದ್ದೆ? ಚೆಂಬು ಯಾಕೆ? ಸಸಿಗಾ? ಇಷ್ಟು ಹೊತ್ತಲ್ಲಿ ಬೇಡ ಬಿಡೇ, ನಾಳೆ...

ಅಯ್ಯೋ, ನನ್ನ ಬಾಯಲ್ಲೇ ಬಂತಲ್ಲೇ. ನಡಿ, ಬ್ಯಾಟರಿ ನಾನು ಹಿಡೀತೀನಿ. ಕತೆ ಮುಗೀತು, ಚೆಂಬು ತುಂಬ್ಕೋ.